ಬೆಂಕಿ ಎತ್ತರ ಕೇಳಲ್ಲ, ಭರ್ತಿ ಕೇಳುತ್ತೆ

(ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಡೊಂಬಿವಿಲಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನ ಆದಷ್ಟೂ ಹಾಗೇ ಉಳಿಸಿದ್ದೇವೆ.)



ಇಲ್ಲಿ ಕೂತಿರೋರಲ್ಲಿ ಅರ್ಧ ಜನ ನಮ್ಮ ಮೈದಾನದ ಮಕ್ಕಳು, ಇನ್ನರ್ಧ ಅವರ ಅಪ್ಪ ಅಮ್ಮಂದಿರು. ವಿಡಿಯೋದಲ್ಲಿ ಪುಣೆ, ಹೈದರಾಬಾದ್, ಚೆನ್ನೈ, ದಿಲ್ಲಿಯಿಂದ ನೋಡ್ತಿರೋ ಕನ್ನಡದವರಿಗೂ ನಮಸ್ಕಾರ.

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದ ಎಲ್ಲಾ ಫೈರ್ ಸ್ಟೇಷನ್‌ಗಳಲ್ಲಿ ಈ ಸಪ್ತಾಹ ನಡೆಯುತ್ತೆ. ಯಾಕೆ ಏಪ್ರಿಲ್ 14 ಅಂತ ಮಕ್ಕಳಿಗೆ ಕೇಳಿದ್ರೆ ಗೊತ್ತಿರಲ್ಲ. 1944ರ ಆ ದಿನ ನಮ್ಮ ಮುಂಬಯಿ ಬಂದರಲ್ಲಿ ಫೋರ್ಟ್ ಸ್ಟೈಕಿನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಒಂದೇ ಹಡಗಿನಲ್ಲಿ ಹತ್ತಿ ಮೂಟೆಯೂ ಇತ್ತು, ಯುದ್ಧದ ಸ್ಫೋಟಕವೂ ಇತ್ತು. ಆರಿಸೋಕೆ ಹೋದವರು ಆರಿಸ್ತಾ ಇರುವಾಗಲೇ ಹಡಗು ಸಿಡೀತು. ಅಗ್ನಿಶಾಮಕ ದಳದವರೇ 66 ಮಂದಿ ಹೋದ್ರು. ಅವರ ನೆನಪಿಗೆ ಈ ವಾರ.

ಇಂಥ ವಾರದಲ್ಲಿ ನಾನು ಸೆಂಟಿಮೀಟರ್ ಲೆಕ್ಕ ಮಾತಾಡೋಕೆ ಬಂದಿದ್ದೀನಿ. ಯಾಕೆ ಅಂತ ಹೇಳ್ತೀನಿ.

ನಾನು ಕೆಮಿಕಲ್ ಫ್ಯಾಕ್ಟರಿಯ ಫೈರ್ ಕ್ರ್ಯೂನಲ್ಲಿ 26 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಈಗ ಸಂಜೆ ಹೊತ್ತು ಪೊಲೀಸ್ ಭರ್ತಿ, ಫೈರ್ ಭರ್ತಿ ಅಂತ ತಯಾರಿ ಮಾಡೋ ಮಕ್ಕಳನ್ನ ಓಡಿಸ್ತೀನಿ. ಫೀಸು ಇಲ್ಲ. ಹೋದ ದೀಪಾವಳಿ ಕಳೆದ ಮೇಲೆ ಒಬ್ಬಳು ಹುಡುಗಿ ಬಂದಳು. ಅವಳಪ್ಪ ನಮ್ಮ ಕಡೆಯವರೇ, ಕ್ಯಾಂಟೀನ್ ನಡೆಸ್ತಾರೆ. ವಯಸ್ಸು ಇಪ್ಪತ್ತು. ಗ್ಯಾಸ್ ಸಿಲಿಂಡರನ್ನ ಹೆಗಲಿಗೆ ಹಾಕ್ಕೊಂಡು ಎರಡು ಮಾಳಿಗೆ ಹತ್ತೋ ಹುಡುಗಿ. ಮೊದಲ ದಿನವೇ ಕೇಳಿದಳು: "ಮಾಮ, ನಾನು 160. ಅಲ್ಲಿ 162 ಕೇಳ್ತಾರೆ. ಓಡಲಾ, ಬಿಡಲಾ?"

ನನಗೆ ತಟ್ಟನೆ ಉತ್ತರ ಹೇಳೋಕೆ ಆಗ್ಲಿಲ್ಲ. ಅದೇ ಪ್ರಶ್ನೆ ಇಟ್ಕೊಂಡು ನಾನೇ ಒಂದು ಕಾಲದಲ್ಲಿ ಮೂರು ವರ್ಷ ಹಾಳು ಮಾಡ್ಕೊಂಡಿದ್ದೆ.

ನಾನು ರಾತ್ರಿ ಶಾಲೆಯಲ್ಲಿ ಓದಿದವನು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆ. ಈ ಊರಿನ ಹಳೇ ಕನ್ನಡದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಎಸ್ಸೆಸ್ಸೆಲ್ಸಿ ಆಯ್ತು, ಫೈರ್‌ಮ್ಯಾನ್ ಆಗ್ಬೇಕು ಅನ್ನೋ ಹುಚ್ಚು ಹಿಡೀತು. ಒಂದು ಕಡೆ ಭರ್ತಿ ಕರೆದಿದ್ರು. ಯಾವ ಊರು ಅನ್ನೋದು ಈಗ ಬೇಡ. ಬೆಳಗಿನ ಜಾವ ಮೂರಕ್ಕೇ ಲೈನಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಧ್ಯಾಹ್ನ ಎರಡು ಗಂಟೆ. ಗೋಡೆಗೆ ಬೆನ್ನು ಕೊಟ್ಟು ನಿಂತೆ, ತಲೆ ಮೇಲೆ ಪಟ್ಟಿ ಇಳೀತು. 166. ಪಕ್ಕಕ್ಕೆ ಹೋಗು ಅಂದ್ರು. ಓಡೋಕೆ ಬಿಡಲಿಲ್ಲ, ಹಗ್ಗ ಹತ್ತೋಕೆ ಬಿಡಲಿಲ್ಲ, ಹೆಸರೂ ಕೇಳಲಿಲ್ಲ.

ಮುಂದಿನ ಎರಡು ಭರ್ತಿಗೂ ಅಲ್ಲಿಗೇ ಹೋದೆ. ಮಧ್ಯೆ ಸಿಂಗಲ್ ಬಾರಿಗೆ ಜೋತುಬೀಳೋದು, ಯಾರೋ ಕೊಟ್ಟ ಪುಡಿ ಹಾಲಿಗೆ ಹಾಕ್ಕೊಂಡು ಕುಡಿಯೋದು, ಎಲ್ಲಾ ಮಾಡ್ದೆ. ಪಟ್ಟಿ ಮೂರು ಸಲವೂ 166ಕ್ಕೇ ನಿಂತಿತು. ಆಮೇಲೆ ಫ್ಯಾಕ್ಟರಿಗೆ ಸೇರಿದೆ. ಸೇರಿ ನಾಲ್ಕು ವರ್ಷ ಆದ ಮೇಲೆ ಒಬ್ಬರು ಹಿರಿಯರು ಹೇಳಿದ್ರು, "ರಕ್ಷಣಾ ಇಲಾಖೆಯ ಡಿಪೋಗಳಲ್ಲಿ ಫೈರ್‌ಮ್ಯಾನ್ ಹುದ್ದೆಗೆ 165 ಸಾಕು ಮಾರಾಯ, ನೀನು ಹೋಗಿರಲಿಲ್ವಾ?" ಅಷ್ಟು ಹೊತ್ತಿಗೆ ನನ್ನ ವಯಸ್ಸು ಮೀರಿತ್ತು.

ಹಾಗಾಗಿ ಇವತ್ತು ಎರಡು ಪ್ರಶ್ನೆಗಳನ್ನ ಬೇರೆ ಬೇರೆ ಮಾಡಿ ಇಡ್ತೀನಿ. ಕೆಲಸ ಸಿಗೋಕೆ ಎತ್ತರ ಬೇಕಾ? ಬೇಕು, ಅದರಲ್ಲಿ ಅನುಮಾನ ಇಲ್ಲ. ಕೆಲಸ ಮಾಡೋಕೆ ಎತ್ತರ ಬೇಕಾ? ಅದು ಬೇರೆಯದೇ ಪ್ರಶ್ನೆ. ಎರಡನ್ನೂ ಒಂದೇ ಅಂದ್ಕೊಂಡಿದ್ದೇ ನಾನು ಮಾಡಿದ ತಪ್ಪು.

ಮೊದಲು ಕೆಲಸ ಸಿಗೋ ವಿಚಾರ. ನೋಟು ಬುಕ್ ಇದ್ರೆ ಬರ್ಕೊಳ್ಳಿ. ಇತ್ತೀಚಿನ ವರ್ಷಗಳ ಜಾಹೀರಾತುಗಳಲ್ಲಿ ಕೇಳಿರೋ ಎತ್ತರ ಹೇಳ್ತೀನಿ. ಮುಂಬಯಿ ಅಗ್ನಿಶಾಮಕ ದಳ: ಗಂಡಸರಿಗೆ 172 ಸೆಂಟಿಮೀಟರ್, ಹೆಂಗಸರಿಗೆ 162. ಸಿಐಎಸ್‌ಎಫ್‌ನ ಫೈರ್ ಕಾನ್‌ಸ್ಟೇಬಲ್: 170. ಕರ್ನಾಟಕದ ಅಗ್ನಿಶಾಮಕ: 168. ತೆಲಂಗಾಣ: 167.6. ವಿಮಾನ ನಿಲ್ದಾಣ ಪ್ರಾಧಿಕಾರದ ಫೈರ್ ಹುದ್ದೆ: ಗಂಡಸರಿಗೆ 167, ಹೆಂಗಸರಿಗೆ 157. ರಕ್ಷಣಾ ಇಲಾಖೆಯ ಫೈರ್‌ಮ್ಯಾನ್: 165. ನಾಗಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜಿನ ಫೈರ್ ಇಂಜಿನಿಯರಿಂಗ್: ಗಂಡಸರಿಗೆ 165, ಹೆಂಗಸರಿಗೆ 157. ಪರಿಶಿಷ್ಟ ಪಂಗಡದವರಿಗೆ, ಕೆಲವು ಗುಡ್ಡಗಾಡು ಪ್ರದೇಶದವರಿಗೆ ಹಲವು ಕಡೆ ರಿಯಾಯಿತಿಯೂ ಇರುತ್ತೆ. ನೀವು ಅರ್ಜಿ ಹಾಕೋ ವರ್ಷದ ಜಾಹೀರಾತನ್ನ ನೀವೇ ಓದಿ. ನನ್ನ ಬಾಯಿಮಾತು ನಂಬಿ ಹೋಗಬೇಡಿ.

ಈ ಪಟ್ಟಿ ನೋಡಿದ್ರೆ ಏನನ್ಸುತ್ತೆ? ಉರಿಯೋ ಬೆಂಕಿ ಒಂದೇ. ನೀರು, ಹೋಸ್, ಏಣಿ ಎಲ್ಲಾ ಅವೇ. ಎತ್ತರ ಮಾತ್ರ 165ರಿಂದ 172ರವರೆಗೆ. 170 ಇರೋ ಹುಡುಗ ಸಿಐಎಸ್‌ಎಫ್‌ಗೆ ಆಗ್ತಾನೆ, ಬೆಂಗಳೂರಿಗೆ ಆಗ್ತಾನೆ, ಹೈದರಾಬಾದಿಗೆ ಆಗ್ತಾನೆ, ಬೈಕಳಾಗೆ ಬಂದ್ರೆ ಕುಳ್ಳ.

ಇನ್ನೊಂದು ತಮಾಷೆ ಇದೆ. ತೆಲಂಗಾಣದ 167.6 ಅನ್ನೋ ಪಾಯಿಂಟ್ ಸಿಕ್ಸ್ ಎಲ್ಲಿಂದ ಬಂತು? ಐದು ಅಡಿ ಆರು ಇಂಚನ್ನ ಸೆಂಟಿಮೀಟರಿಗೆ ಇಳಿಸಿ ನೋಡಿ, 167.6. ಐದಡಿ ಐದಿಂಚು ಅಂದ್ರೆ 165. ಐದಡಿ ಎರಡಿಂಚು ಅಂದ್ರೆ 157. ರಕ್ಷಣಾ ಇಲಾಖೆಯ ಫೈರ್‌ಮ್ಯಾನ್ ಪರೀಕ್ಷೆಯಲ್ಲಿ 63.5 ಕೆ.ಜಿ. ತೂಕದ ಮನುಷ್ಯನನ್ನ ಹೆಗಲ ಮೇಲೆ ಹೊತ್ತು 183 ಮೀಟರ್ ದೂರವನ್ನ 96 ಸೆಕೆಂಡಿನಲ್ಲಿ ಮುಟ್ಟಬೇಕು. 63.5 ಕೆ.ಜಿ. ಅಂದ್ರೆ ಇಂಗ್ಲಿಷರ ತೂಕದಲ್ಲಿ ಸರಿಯಾಗಿ ಹತ್ತು ಸ್ಟೋನ್. 183 ಮೀಟರ್ ಅಂದ್ರೆ 200 ಗಜ. ಬ್ರಿಟನ್ನಿನ ಫೈರ್ ಸರ್ವಿಸ್ ಕೂಡ ಒಂದು ಕಾಲದಲ್ಲಿ ಐದಡಿ ಆರಿಂಚು ಕೇಳ್ತಿತ್ತು. ಅಂದ್ರೆ ಈ ಅಂಕಿಗಳು ಇಂಚುಪಟ್ಟಿಯ ಕಾಲದಲ್ಲಿ ಹುಟ್ಟಿದವು. ಹೊತ್ತು ಓಡೋ ಪರೀಕ್ಷೆ ಹಳೇದಾದ್ರೂ ಒಳ್ಳೇದು ಅಂತ ನಾನು ಹೇಳ್ತೀನಿ, ಯಾಕಂದ್ರೆ ಅದು ನಾವು ನಿಜವಾಗಿ ಮಾಡೋ ಕೆಲಸ. ಎತ್ತರದ ಪಟ್ಟಿ ಯಾವ ಕೆಲಸವನ್ನೂ ಅಳೆಯಲ್ಲ.

ಈಗ ಎರಡನೇ ಪ್ರಶ್ನೆ. ಕೆಲಸದಲ್ಲಿ ಎತ್ತರದಿಂದ ಏನೂ ಉಪಯೋಗ ಇಲ್ವಾ? ಇಲ್ಲ ಅಂದ್ರೆ ಸುಳ್ಳಾಗುತ್ತೆ. ಫೈರ್ ಟೆಂಡರಿನ ತಲೆ ಮೇಲೆ ಏಣಿ ಇರುತ್ತೆ. ಅದರ ಚಿಲಕ ಬಿಚ್ಚಿ ಇಳಿಸೋಕೆ ಕೈ ಮೇಲಕ್ಕೆ ಎಟುಕಬೇಕು. ಮೂವತ್ತೈದು ಅಡಿಯ ಎಕ್ಸ್‌ಟೆನ್ಶನ್ ಏಣಿಯನ್ನ ನೆಲದಿಂದ ನಿಲ್ಲಿಸುವಾಗ ಉದ್ದ ಕೈಯವರಿಗೆ ಸಲೀಸು. ಸೀಲಿಂಗ್ ಕಿತ್ತು ಒಳಗೆ ಕೆಂಡ ಉಳಿದಿದೆಯಾ ನೋಡೋದು, ಕಿಟಕಿಯಿಂದ ಮಗುವನ್ನ ಇಳಿಸಿಕೊಳ್ಳೋದು, ಇಲ್ಲೆಲ್ಲಾ ನಾಲ್ಕು ಬೆರಳು ಎತ್ತರ ಇದ್ದವನಿಗೆ ಅನುಕೂಲ.

ನಾನು ಸೇರಿದ ಹೊಸದ್ರಲ್ಲಿ ನಮ್ಮ ಟೆಂಡರಿನ ಏಣಿ ಚಿಲಕ ನನಗೆ ಎಟುಕ್ತಾ ಇರಲಿಲ್ಲ. ಡ್ರಿಲ್ ಮಾಡುವಾಗ ಎಗರಿ ಎಗರಿ ಹಿಡೀತಿದ್ದೆ, ಎಲ್ಲರೂ ನಗೋರು. ಒಂದು ದಿನ ಮೇಂಟೆನೆನ್ಸ್‌ನ ವೆಲ್ಡರ್ ಅದನ್ನ ನೋಡಿ, ಊಟ ಆದ ಮೇಲೆ ಬಂದು ಗಾಡಿಯ ಪಕ್ಕಕ್ಕೆ ಒಂದು ಕಬ್ಬಿಣದ ಮೆಟ್ಟಿಲು ಬೆಸೆದು ಕೊಟ್ಟ. ಅರ್ಧ ದಿನದಲ್ಲಿ ನನ್ನ ಎತ್ತರದ ಸಮಸ್ಯೆ ಮುಗೀತು. ಆಮೇಲೆ ಆ ಮೆಟ್ಟಿಲನ್ನ ನಮ್ಮ ಆರಡಿಯವನೂ ಬಳಸೋಕೆ ಶುರು ಮಾಡ್ದ.

ಇನ್ನು ಬೆಂಕಿಯ ಒಳಗೆ ಬನ್ನಿ. ಹೊಗೆ ತುಂಬಿದ ಕೋಣೆಯಲ್ಲಿ ಬಿಸಿ ಗಾಳಿ ಮೇಲೆ ಕೂರುತ್ತೆ. ನಿಂತವನ ತಲೆ ಇರೋ ಕಡೆ ಸುಡೋ ಬಿಸಿ, ನೆಲದ ಹತ್ತಿರ ಮಾತ್ರ ಸ್ವಲ್ಪ ಕಾಣುತ್ತೆ, ಸ್ವಲ್ಪ ತಂಪಿರುತ್ತೆ. ಹಾಗಾಗಿ ನಮಗೆ ಕಲಿಸೋ ಮೊದಲ ಪಾಠವೇ ಬಗ್ಗು, ಮೊಣಕಾಲ ಮೇಲೆ ಹೋಗು ಅಂತ. ಆರಡಿಯವನೂ ಅಲ್ಲಿ ಮೂರಡಿಯೇ.

ಹೋಸ್ ವಿಚಾರ ತಗೊಳ್ಳಿ. ನಾವು ಬಳಸೋ 63 ಮಿಲಿಮೀಟರ್ ಹೋಸ್, 15 ಮೀಟರ್ ಉದ್ದ. ಒಳಗೆ ನೀರು ತುಂಬಿದಾಗ ನೀರಿನ ತೂಕವೇ ಸುಮಾರು 47 ಕೆ.ಜಿ. ಎರಡು ಹೋಸ್ ಜೋಡಿಸಿದ್ರೆ 90 ದಾಟುತ್ತೆ. ಅದನ್ನ ಮೆಟ್ಟಿಲ ಮೇಲೆ ಎಳೆಯೋಕೆ ಬೇಕಾಗಿರೋದು ತೊಡೆ, ಬೆನ್ನು, ಹಿಡಿತ. ತುದಿಯಲ್ಲಿ ಬ್ರಾಂಚ್ ಹಿಡೀತೀವಲ್ಲ, 20 ಮಿಲಿಮೀಟರ್ ನಾಝಲ್ ಇಟ್ಟು 7 ಬಾರ್ ಒತ್ತಡ ಕೊಟ್ರೆ ಅದು ಸುಮಾರು 45 ಕೆ.ಜಿ. ಭಾರದಷ್ಟು ಹಿಂದಕ್ಕೆ ಒದೆಯುತ್ತೆ. ಎದೆ ಎತ್ತಿ ನೆಟ್ಟಗೆ ನಿಂತವನನ್ನ ಅದು ಬೀಳಿಸುತ್ತೆ. ಕಾಲು ಅಗಲಿಸಿ, ಸೊಂಟ ತಗ್ಗಿಸಿ, ಮುಂದಕ್ಕೆ ವಾಲಿ ನಿಂತವನು ಉಳೀತಾನೆ.

ಬೆನ್ನಿಗೆ ಕಟ್ಟೋ ಬಿಎ ಸೆಟ್ಟಿನ 6.8 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ತುಂಬಿದ್ರೆ ಸುಮಾರು 2000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಉಸಿರಾಡಿದ್ರೆ 50 ನಿಮಿಷ. ಮೈಮುರಿಯೋ ಕೆಲಸದಲ್ಲಿ, ಗಾಬರಿಯಲ್ಲಿ ಅದು ದುಪ್ಪಟ್ಟಾಗುತ್ತೆ, ಆಗ 25 ನಿಮಿಷವೇ ಗತಿ. ಶಿಳ್ಳೆ ಹೊಡೆಯೋ ಮುಂಚೆ ಯಾರು ಹೊರಗೆ ಬರ್ತಾರೆ ಅನ್ನೋದನ್ನ ದಮ್ಮು ಮತ್ತು ತಾಳ್ಮೆ ತೀರ್ಮಾನ ಮಾಡ್ತವೆ.

ಒಂದು ಘಟನೆ ಹೇಳಿ ಮುಂದೆ ಹೋಗ್ತೀನಿ. ಟ್ಯಾಂಕ್ ತೊಳೆಯೋಕೆ ಇಳಿದಿದ್ದ ಗುತ್ತಿಗೆ ಕೆಲಸಗಾರ ಒಳಗೆ ಪ್ರಜ್ಞೆ ತಪ್ಪಿ ಬಿದ್ದ. ಟ್ಯಾಂಕಿನ ಬಾಯಿ 18 ಇಂಚು. ನಮ್ಮ ತಂಡದ ಪೈಲ್ವಾನ, ಎತ್ತರದಲ್ಲೂ ಅಗಲದಲ್ಲೂ ಎಲ್ಲರಿಗಿಂತ ದೊಡ್ಡವನು, ಸೆಟ್ ಕಟ್ಕೊಂಡು ಹೋದ. ಹೆಗಲೇ ಇಳೀಲಿಲ್ಲ. ಆಗ ನಮ್ಮಲ್ಲೆಲ್ಲಾ ಕುಳ್ಳ, ಸೊಲ್ಲಾಪುರದ ಕಡೆಯವನು, ಏರ್‌ಲೈನ್ ಮಾಸ್ಕ್ ಹಾಕ್ಕೊಂಡು, ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳಿದ. ಒಳಗೆ ಬಿದ್ದವನಿಗೆ ಹಾರ್ನೆಸ್ ಹಾಕಿದ. ಮೇಲಿಂದ ಎಳೆದವನು ಅದೇ ಪೈಲ್ವಾನ. ಕೆಲಸಗಾರ ಬದುಕಿದ. ತಂಡ ಅಂದ್ರೆ ಇದು. ಎಲ್ಲರೂ ಒಂದೇ ಅಚ್ಚಿನಲ್ಲಿ ಇದ್ದಿದ್ರೆ ಆವತ್ತು ಆ ಮನುಷ್ಯ ಉಳೀತಿರಲಿಲ್ಲ.

ಸರಿ, ಬೇರೆ ದೇಶದವರು ಏನು ಮಾಡಿದ್ರು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಟಾನಿ ಮಿಯೋರಿನ್ ಅನ್ನೋ ಹೆಣ್ಣುಮಗಳು ಕಾಡ್ಗಿಚ್ಚು ಆರಿಸೋ ತಂಡದಲ್ಲಿದ್ದಳು. ಕೆಲಸದ ಬಗ್ಗೆ ಯಾರ ದೂರೂ ಇರಲಿಲ್ಲ. ಆಮೇಲೆ ಸರ್ಕಾರ ಹೊಸ ಪರೀಕ್ಷೆ ತಂತು: ಎರಡೂವರೆ ಕಿಲೋಮೀಟರನ್ನ 11 ನಿಮಿಷದಲ್ಲಿ ಓಡಬೇಕು. ಅವಳು 49.4 ಸೆಕೆಂಡು ತಡ ಮಾಡಿದಳು. ಕೆಲಸ ಹೋಯ್ತು. ಯೂನಿಯನ್ ಕೇಸು ನಡೆಸಿತು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವಳ ಪರ ತೀರ್ಪು ಕೊಟ್ಟು ಕೆಲಸ ವಾಪಸ್ ಕೊಡಿಸಿತು. ಪರೀಕ್ಷೆಯೇ ಬೇಡ ಅಂತ ಕೋರ್ಟ್ ಹೇಳಲಿಲ್ಲ. ಈ ಕೆಲಸವನ್ನ ಸುರಕ್ಷಿತವಾಗಿ ಮಾಡೋಕೆ ಇಷ್ಟು ವೇಗ ಬೇಕೇ ಬೇಕು ಅಂತ ಸರ್ಕಾರ ತೋರಿಸಿಲ್ಲ ಅಂತ ಹೇಳಿತು. ಈ ಮಾತನ್ನ ನಾನು ಎತ್ತರಕ್ಕೂ ಅನ್ವಯಿಸ್ತೀನಿ.

ಬ್ರಿಟನ್‌ನಲ್ಲಿ ಆ ಐದಡಿ ಆರಿಂಚಿನ ನಿಯಮ ಈಗ ಇಲ್ಲ. ಲಂಡನ್ ಫೈರ್ ಬ್ರಿಗೇಡಿಗೆ ಕನಿಷ್ಠ ಎತ್ತರ ಅಂತ ಇಲ್ಲ. ಹಾಗಂತ ಸಡಿಲ ಬಿಟ್ಟಿಲ್ಲ. 55 ಕೆ.ಜಿ.ಯ ಬೊಂಬೆಯನ್ನ ಹಿಮ್ಮುಖವಾಗಿ ಎಳ್ಕೊಂಡು ಹೋಗಬೇಕು. ಇಕ್ಕಟ್ಟು ಜಾಗದಲ್ಲಿ ಮುಖ ಮುಚ್ಕೊಂಡು ತೆವಳಬೇಕು. ಏಣಿ ಎತ್ತುವ ಪರೀಕ್ಷೆಯಲ್ಲಿ ಭಾರದ ಅಡ್ಡಪಟ್ಟಿಯನ್ನ 182 ಸೆಂಟಿಮೀಟರ್ ಎತ್ತರದವರೆಗೆ ಎತ್ತಬೇಕು. ಗಮನಿಸಿ, ಇಲ್ಲಿ ಎತ್ತರ ಇದೆ. ಆದ್ರೆ ಅದು ಮನುಷ್ಯನ ಎತ್ತರ ಅಲ್ಲ, ಏಣಿಯ ಎತ್ತರ. ನೀನು ಎಷ್ಟುದ್ದ ಇದ್ದೀಯ ಅನ್ನೋದು ಅವರಿಗೆ ಬೇಡ, ಏಣಿ ಅಲ್ಲಿಗೆ ಮುಟ್ಟಿಸ್ತೀಯಾ ಅನ್ನೋದು ಬೇಕು. ಕುಳ್ಳಗಿದ್ದು ಮುಟ್ಟಿಸೋಕೆ ಆಗದಿದ್ರೆ ಫೇಲು. ಅದನ್ನ ನಾನೂ ಒಪ್ತೀನಿ.

ಈಗ ಎದುರು ವಾದಕ್ಕೂ ಮರ್ಯಾದೆ ಕೊಡೋಣ. ಭರ್ತಿ ನಡೆಸಿದ ಅಧಿಕಾರಿ ಒಬ್ಬರ ಹತ್ತಿರ ನಾನು ಇದನ್ನ ಮಾತಾಡಿದ್ದೀನಿ. ಅವರಂದ್ರು: "ಕೆಲವು ನೂರು ಹುದ್ದೆಗೆ ಮೈದಾನ ಹಿಡಿಯದಷ್ಟು ಜನ ಬರ್ತಾರೆ. ಎಲ್ಲರಿಗೂ ಬೊಂಬೆ ಹೊರಿಸಿದ್ರೆ ಒಂದು ವರ್ಷ ಬೇಕು. ಎತ್ತರ ಅಳೆಯೋಕೆ ಅರ್ಧ ನಿಮಿಷ. ವಶೀಲಿ ನಡೆಯಲ್ಲ, ಲಂಚ ನಡೆಯಲ್ಲ, ಪಟ್ಟಿ ಎಲ್ಲರಿಗೂ ಒಂದೇ."

ಮಾತು ಸುಳ್ಳಲ್ಲ. ಆದ್ರೆ ಪಟ್ಟಿ ಎಲ್ಲರಿಗೂ ಒಂದೇನಾ? ಮನುಷ್ಯ ಬೆಳಿಗ್ಗೆ ಏಳುವಾಗ ಇರೋ ಎತ್ತರ ಸಂಜೆಗೆ ಇರಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ನಿಂತು ಅದುಮಿ, ಒಂದು ಸೆಂಟಿಮೀಟರಿನಷ್ಟು, ಕೆಲವರಲ್ಲಿ ಅದಕ್ಕೂ ಜಾಸ್ತಿ ಇಳೀತೀವಿ. ರಾತ್ರಿ ಮಲಗಿದ್ರೆ ವಾಪಸ್ ಬರುತ್ತೆ. ಅಂದ್ರೆ ಒಂದೇ ಹುಡುಗಿ ಬೆಳಿಗ್ಗೆ ಆರಕ್ಕೆ ಪಾಸು, ಸಂಜೆ ನಾಲ್ಕಕ್ಕೆ ಫೇಲು ಆಗಬಹುದು. 2023ರ ಫೆಬ್ರುವರಿಯಲ್ಲಿ ದಹಿಸರ್ ಮೈದಾನದಲ್ಲಿ ಫೈರ್ ಭರ್ತಿಗೆ ಬಂದ ಹೆಣ್ಣುಮಕ್ಕಳು ಎತ್ತರದ ವಿಚಾರಕ್ಕೇ ಗಲಾಟೆ ಮಾಡಿದ್ದು ನಿಮಗೆ ನೆನಪಿರಬಹುದು. ಯಾರದ್ದು ಸರಿ, ಯಾರದ್ದು ತಪ್ಪು ಅಂತ ನಾನು ತೀರ್ಪು ಹೇಳಲ್ಲ. ದೂರದ ಜಿಲ್ಲೆಗಳಿಂದ ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬಂದ ಮಗುವಿನ ಜೀವನ ಅರ್ಧ ಸೆಂಟಿಮೀಟರಿನ ಮೇಲೆ ನಿಂತಿರುತ್ತೆ ಅನ್ನೋದನ್ನ ಮಾತ್ರ ಮರೀಬೇಡಿ. ಮುಂಬಯಿಯ ಹೈಡ್ರಾಲಿಕ್ ಏಣಿ ಈಗ 90 ಮೀಟರ್ ಮೇಲಕ್ಕೆ ಹೋಗುತ್ತೆ. ಏಣಿ ಅಷ್ಟು ಬೆಳೆದ ಮೇಲೆ ಮನುಷ್ಯನ ನಾಲ್ಕು ಸೆಂಟಿಮೀಟರಿಗೆ ಯಾಕೆ ಇಷ್ಟು ಹಟ?

ಜನ ಜಾಸ್ತಿ ಬರ್ತಾರೆ ಅಂದ್ರೆ ಮೊದಲು ಓಡಿಸಿ. ಸಿಐಎಸ್‌ಎಫ್‌ನ ಫೈರ್ ಹುದ್ದೆಗೆ 5 ಕಿಲೋಮೀಟರನ್ನ 24 ನಿಮಿಷದಲ್ಲಿ ಓಡಿಸ್ತಾರೆ. ಅದರಲ್ಲೇ ಎಷ್ಟೋ ಜನ ಕಳಚ್ಕೊಳ್ತಾರೆ. ಸೋತವನಿಗೆ ನಾನು ಇನ್ನೂ ಓಡಬೇಕಿತ್ತು ಅನ್ನೋ ಪಾಠ ಸಿಗುತ್ತೆ. ಎತ್ತರಕ್ಕೆ ಸೋತವನು ಮನೆಗೆ ಹೋಗಿ ಏನು ತಿದ್ಕೊಳ್ಳಬೇಕು? ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ನಿಯಮ ಬದಲಾಗೋದು ನಮ್ಮ ಕೈಲಿಲ್ಲ. ಕೈಲಿರೋದನ್ನ ಹೇಳ್ತೀನಿ, ಮಕ್ಕಳು ಕೇಳಿಸ್ಕೊಳ್ಳಿ.

ಓಟ ಶುರು ಮಾಡೋ ಮುಂಚೆ ಎತ್ತರ ಅಳೆಸ್ಕೊಳ್ಳಿ. ಬರಿಗಾಲಲ್ಲಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಸಂಜೆಯದ್ದನ್ನೇ ನಿಮ್ಮ ಎತ್ತರ ಅಂತ ಇಟ್ಕೊಳ್ಳಿ. ಆ ಅಂಕಿಗೆ ಯಾವ ಯಾವ ಬಾಗಿಲು ತೆರೆಯುತ್ತೆ ಅಂತ ಪಟ್ಟಿ ಮಾಡಿ. ನಿಮ್ಮ ಊರಿನ ಬಾಗಿಲು ಒಂದೇ ಬಾಗಿಲಲ್ಲ.

ಇಪ್ಪತ್ತು ದಾಟಿದ ಮೇಲೆ ಎತ್ತರ ಬೆಳೆಯುತ್ತೆ ಅನ್ನೋ ಪುಡಿ, ಗುಳಿಗೆ, ಚಪ್ಪಲಿ ಒಳಗಿನ ಪ್ಯಾಡ್, ಯಾವುದಕ್ಕೂ ಒಂದು ರೂಪಾಯಿ ಕೊಡಬೇಡಿ. ಮೂಳೆಯ ಬೆಳವಣಿಗೆ ನಿಂತ ಮೇಲೆ ನಿಂತಿತು. ಜೋತುಬಿದ್ರೆ ಹಿಡಿತ ಗಟ್ಟಿಯಾಗುತ್ತೆ, ಹಗ್ಗ ಹತ್ತೋಕೆ ಆಗುತ್ತೆ, ಅದಕ್ಕೆ ಬೇಕಾದ್ರೆ ಜೋತುಬೀಳಿ. ಎದೆ 81 ಇದ್ದು ಉಸಿರು ತುಂಬಿದಾಗ 5 ಸೆಂಟಿಮೀಟರ್ ಹಿಗ್ಗಬೇಕು ಅಂತ ಹುಡುಗರಿಗೆ ಹಲವು ಕಡೆ ಕೇಳ್ತಾರೆ. ಅದು ಅಭ್ಯಾಸದಿಂದ ಬರುತ್ತೆ, ಅದಕ್ಕೆ ಬೆವರು ಸುರಿಸಿ.

ಸರ್ಕಾರಿ ದಳ ಒಂದೇ ಅಲ್ಲ ಅಂತ ಗೊತ್ತಿರಲಿ. ರಿಫೈನರಿ, ಬಂದರು, ಕೆಮಿಕಲ್ ಫ್ಯಾಕ್ಟರಿ, ದೊಡ್ಡ ಆಸ್ಪತ್ರೆ, ಮಾಲು, ಎಲ್ಲಾ ಕಡೆ ಫೈರ್ ಸಿಬ್ಬಂದಿ ಬೇಕು. ಹರ್ಷಿಣಿ ಕಾನ್ಹೇಕರ್ ಅವರ ಹೆಸರು ಕೇಳಿರ್ತೀರಿ. 2002ರಲ್ಲಿ ನಾಗಪುರದ ಕಾಲೇಜಿಗೆ ಸೇರಿದ ಮೊದಲ ಹೆಣ್ಣುಮಗಳು. ಮುಂದೆ ಒಎನ್‌ಜಿಸಿಯಲ್ಲಿ ಕೆಲಸ ಮಾಡಿದ್ರು. ಚೆನ್ನೈಯಲ್ಲಿ ನೋಡೋರಿಗೆ ಪ್ರಿಯಾ ರವಿಚಂದ್ರನ್ ಗೊತ್ತಿರ್ತಾರೆ. 2012ರ ಜನವರಿಯಲ್ಲಿ ಎಳಿಲಗಂ ಕಟ್ಟಡದ ಬೆಂಕಿಯಲ್ಲಿ ಒಳಗಿದ್ದು ಸುಟ್ಟಗಾಯ ಆಗಿಯೂ ಮತ್ತೆ ಕೆಲಸಕ್ಕೆ ಬಂದವರು.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ಎತ್ತರದಲ್ಲಿ ಬಿದ್ದು ಬಂದ ಮಗುವಿಗೆ "ನಿನ್ನ ಕೈಲಿ ಆಗಲ್ಲ ಅಂತ ಆವತ್ತೇ ಹೇಳಿದ್ದೆ" ಅನ್ನಬೇಡಿ. ಆವತ್ತು ಅವರ ಕೈಲಿ ಆಗುತ್ತಾ ಇಲ್ವಾ ಅಂತ ಯಾರೂ ನೋಡಿಯೇ ಇಲ್ಲ. ನನ್ನಪ್ಪ ಅಂದಿದ್ರು. ಅವರು ಹೋಗಿ ಹತ್ತು ವರ್ಷ ಆಯ್ತು, ಮಾತು ಇನ್ನೂ ಇದೆ.

ಆ ಹುಡುಗಿಗೆ ನಾನು ಏನು ಹೇಳ್ದೆ ಅಂತ ಕೇಳ್ತೀರಲ್ಲ. "ಮಗಾ, 162ರ ಬಾಗಿಲ ಹತ್ತಿರ ಒಂದು ದಿನವೂ ಕಳೀಬೇಡ. ಅದು ನಿನ್ನ ತಪ್ಪಲ್ಲ, ಆದ್ರೆ ಅದು ತೆರೆಯಲ್ಲ. 157ರ ಬಾಗಿಲುಗಳಿವೆ, ಅಲ್ಲಿಗೆ ಓಡು" ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಅವಳಿಗೆ ಮುಂಬಯಿ ದಳದ ಕೆಂಪು ಗಾಡಿಯೇ ಬೇಕಿತ್ತು, ಅದು ನನಗೂ ಗೊತ್ತು. ಮರುದಿನ ಐದೂವರೆಗೇ ಮೈದಾನಕ್ಕೆ ಬಂದಿದ್ದಳು. ಈಗ ವಿಮಾನ ನಿಲ್ದಾಣದ ಹುದ್ದೆಯ ಜಾಹೀರಾತಿಗೆ ಕಾಯ್ತಾ ಇದ್ದಾಳೆ. ಅದಕ್ಕೆ ಡ್ರೈವಿಂಗ್ ಲೈಸೆನ್ಸ್ ಬೇಕು ಅಂತ ಟೆಂಪೋ ಓಡಿಸೋದು ಕಲೀತಿದ್ದಾಳೆ. ಆಗುತ್ತಾ ಇಲ್ವಾ ನಾನು ಹೇಳಲಾರೆ. ಈ ಸಲ ಬಿದ್ರೂ ಓಡಿ ಬೀಳ್ತಾಳೆ, ಗೋಡೆಗೆ ಬೆನ್ನು ಕೊಟ್ಟು ನಿಂತು ಬೀಳಲ್ಲ.

ಅವಳು ಇವತ್ತು ಇಲ್ಲೇ ಕೂತಿದ್ದಾಳೆ. ಯಾರು ಅಂತ ತೋರಿಸಬೇಡಿ ಅಂದಿದ್ದಾಳೆ, ತೋರಿಸಲ್ಲ. ಮಿಕ್ಕವರು ನಾಳೆ ಟೇಪು ತಗೊಂಡು ಬನ್ನಿ, ಸಂಜೆ ಆರಕ್ಕೆ.